ಯಕ್ಷಗಾನದ ಡಿವಿಡಿಗೆ ಕನ್ನಡ ಮೆನು ಮಾಡುತ್ತಿದ್ದೇನೆ: ಅಕ್ಷರ ಒಡೆಯುತ್ತಿದೆ, ರಿಮೋಟ್ ಒತ್ತಿದರೆ ಎಲ್ಲೆಲ್ಲೋ ಹೋಗುತ್ತದೆ

ಡೊಂಬಿವಲಿ ಚೆಂಡೆ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬೈಗೆ ಬಂದಾಗ ನಮ್ಮ ಕಡೆ ಒಂದು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸಿದ್ದೆವು. ನಾಲ್ಕು ಗಂಟೆಯ ಆಟ. ಎರಡು ಕ್ಯಾಮೆರಾದಲ್ಲಿ ಪೂರ್ತಿ ರೆಕಾರ್ಡ್ ಆಗಿದೆ. ಎಡಿಟಿಂಗ್ ಮುಗಿದಿದೆ. ಮೇಳದವರ ಒಪ್ಪಿಗೆಯೂ ಸಿಕ್ಕಿದೆ. ಈಗ ಡಿವಿಡಿ ಮಾಡಿ ನಮ್ಮ ಸಂಘದ ಹಿರಿಯರಿಗೆ ಹಂಚಬೇಕು. ಸುಮಾರು 60 ಮನೆ. ಆಟಕ್ಕೆ ಬರಲಿಕ್ಕೆ ಆಗದವರು, ಮಂಡಿ ನೋವಿನವರು, ಮಳೆಯಲ್ಲಿ ಲೋಕಲ್ ರೈಲು ಹತ್ತಲಾಗದವರು. ಇವರಿಗಾಗಿಯೇ ಈ ಕೆಲಸ.

ಮೆನು ಪೂರ್ತಿ ಕನ್ನಡದಲ್ಲಿ ಇರಬೇಕು ಎಂಬ ಆಸೆ. ಆದರೆ ಮೂರು ಕಡೆ ಸಿಕ್ಕಿಬಿದ್ದಿದ್ದೇನೆ.

ಒಂದು, ಸಾಫ್ಟ್‌ವೇರ್ ಒಳಗೇ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆಯುತ್ತದೆ. ‘ಒಡ್ಡೋಲಗ’ದ (ಪಾತ್ರಗಳು ರಂಗಕ್ಕೆ ಬರುವ ಭಾಗ) ಡಕಾರದ ಒತ್ತು ಕೆಳಗೆ ಕೂರುವುದಿಲ್ಲ, ಪಕ್ಕದಲ್ಲಿ ಬೇರೆ ಅಕ್ಷರವಾಗಿ ನಿಲ್ಲುತ್ತದೆ. ‘ಪ್ರವೇಶ’ ಅಂತೂ ಓದಲಿಕ್ಕೇ ಆಗುವುದಿಲ್ಲ.

ಎರಡು, ಆಯ್ಕೆ ಮಾಡಿದ ಸಾಲು ಹಳದಿ ಆಗಲಿ ಎಂದು ಅಕ್ಷರದ ಮೇಲೆಯೇ ಹೈಲೈಟ್ ಹಾಕಿದೆ. ಟಿವಿಯಲ್ಲಿ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ.

ಮೂರು, ಕಂಪ್ಯೂಟರಿನಲ್ಲಿ ಮೌಸ್ ಒತ್ತಿದರೆ ಎಲ್ಲ ಸರಿ. ಅಪ್ಪನ ಟಿವಿಯಲ್ಲಿ ಕೆಳಗಿನ ಬಾಣ ಒತ್ತಿದರೆ ಬೆಳಕು ಪಕ್ಕದ ಸಾಲಿಗೆ ಹಾರುತ್ತದೆ. ಆಟದ ಮಧ್ಯೆ ರಿಮೋಟ್‌ನ ‘ಮೆನು’ ಒತ್ತಿದರೆ ಏನೂ ಆಗುವುದಿಲ್ಲ.

ಗೊತ್ತಿದ್ದವರು ದಯವಿಟ್ಟು ಹೇಳಿ.

ಪುಣೆ ಎಡಿಟರ್ (ಶನಿವಾರ ರಾತ್ರಿ)

ಅಣ್ಣಾ, ಹೊಟ್ಟೆಪಾಡಿಗೆ ಹತ್ತು ವರ್ಷ ಮದುವೆ ಡಿವಿಡಿ ಮಾಡಿದವನು ನಾನು. ಧಾರವಾಡದವ, ಈಗ ಕೋಥ್ರೂಡಿನಲ್ಲಿ ಇದ್ದೇನೆ. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ತಿಳಿದರೆ ಮೆನು ಹೇಗೆ ಬರೆಯಬೇಕು ಅನ್ನುವುದೇ ಬದಲಾಗುತ್ತದೆ.

ಡಿವಿಡಿ ಮೆನುವಿನಲ್ಲಿ ಎರಡು ಪದರ ಇರುತ್ತವೆ. ಕೆಳಗಿನದು ಚಿತ್ರ. ಅದು ವಿಡಿಯೊ ಇದ್ದ ಹಾಗೆ, ಎಷ್ಟು ಬಣ್ಣ ಬೇಕಾದರೂ ಇರಬಹುದು. ಮೇಲಿನದು ಹೈಲೈಟ್ ಪದರ. ಅದಕ್ಕೆ ಸಬ್‌ಪಿಕ್ಚರ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಚುಕ್ಕೆಗೆ ಎರಡೇ ಬಿಟ್. ಅಂದರೆ ನಾಲ್ಕೇ ಬೆಲೆ. ಒಂದು ಹಿನ್ನೆಲೆಗೆ ಹೋಯಿತು. ಉಳಿದದ್ದು ಮೂರು. ಅಕ್ಷರದ ಅಂಚು ನುಣುಪಾಗಿ ಕಾಣಬೇಕಾದರೆ ಗಾಢದಿಂದ ತಿಳಿಗೆ ಹತ್ತಾರು ಮೆಟ್ಟಿಲು ಬೇಕು. ಈ ಪದರದಲ್ಲಿ ಅಷ್ಟು ಜಾಗವೇ ಇಲ್ಲ. ಹಾಗಾಗಿ ಯಾವ ಸಾಫ್ಟ್‌ವೇರ್ ತಂದರೂ ಅಂಚು ಹಲ್ಲು ಹಲ್ಲಾಗಿಯೇ ಬರುತ್ತದೆ. 1990ರ ದಶಕದ ಪ್ಲೇಯರ್‌ಗಳಿಗೆ ಬರೆದ ನಿಯಮ ಅದು.

ದಾರಿ ಏನೆಂದರೆ, ಅಕ್ಷರವನ್ನು ಕೆಳಗಿನ ಚಿತ್ರದಲ್ಲೇ ಬಿಡಿ. ಹೈಲೈಟ್‌ಗೆ ಬೇರೆ ಒಂದು ಗುರುತು ಇಡಿ. ಸಾಲಿನ ಎಡಕ್ಕೆ ಒಂದು ಚೌಕ, ಅಥವಾ ಕೆಳಗೆ ದಪ್ಪ ಗೆರೆ. ಅಡ್ಡ ಮತ್ತು ಉದ್ದದ ಗೆರೆಗೆ ಹಲ್ಲು ಬರುವುದಿಲ್ಲ. ವಾರೆ ಮತ್ತು ದುಂಡಗಿನದಕ್ಕೆ ಬರುತ್ತದೆ. ಕನ್ನಡ ಅಕ್ಷರ ಎಲ್ಲ ದುಂಡಗೇ ಅಲ್ವಾ? ಅದಕ್ಕೇ ನಮಗೆ ಈ ತೊಂದರೆ ಜಾಸ್ತಿ.

ಡಿವಿಡಿ ಮೆನು ಕಟ್ಟುವ ಅಡೋಬಿ ಎನ್‌ಕೋರ್ ತಂತ್ರಾಂಶ ಇದ್ದರೆ ಫೋಟೋಶಾಪ್ ಫೈಲಿನಲ್ಲಿ ಲೇಯರ್ ಹೆಸರಿನಿಂದಲೇ ಇದನ್ನು ಹೇಳಬಹುದು. ಬಟನ್ ಗುಂಪಿನ ಹೆಸರಿನ ಮುಂದೆ (+) ಹಾಕಬೇಕು. ಹೈಲೈಟ್ ಆಗುವ ಲೇಯರ್‌ಗೆ (=1) ಹಾಕಬೇಕು. ಎರಡನೇ ಬಣ್ಣಕ್ಕೆ (=2), ಮೂರನೆಯದಕ್ಕೆ (=3). ಅಷ್ಟಕ್ಕೇ ಮುಗಿಯಿತು. ಎನ್‌ಕೋರ್ ಸಿಎಸ್6ರ ನಂತರ ಹೊಸ ಆವೃತ್ತಿ ಬಂದಿಲ್ಲ. ಆದರೂ ಹಳೆಯ ಕಂಪ್ಯೂಟರಿನಲ್ಲಿ ಅದನ್ನೇ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಇಲ್ಲದಿದ್ದರೆ ಡಿವಿಡಿಸ್ಟೈಲರ್ ತಗೊಳ್ಳಿ. ಉಚಿತ, ಮುಕ್ತ ತಂತ್ರಾಂಶ. ನಿಮ್ಮ ಕೆಲಸಕ್ಕೆ ಧಾರಾಳ ಸಾಕು.

ಮಾಟುಂಗಾ ಅಕ್ಷರ (ಭಾನುವಾರ ಬೆಳಿಗ್ಗೆ)

ಮೊದಲನೇ ಪ್ರಶ್ನೆ ನನಗೆ ಬಿಡಿ. ಪುಸ್ತಕ, ಆಮಂತ್ರಣ, ಸ್ಮರಣ ಸಂಚಿಕೆಗೆ ಕನ್ನಡ ಕೂರಿಸುವುದೇ ನನ್ನ ಕೆಲಸ.

ಯೂನಿಕೋಡ್ ಕನ್ನಡದಲ್ಲಿ ‘ಡ್ಡೋ’ ಎಂದು ಬರೆದರೆ ಫೈಲಿನಲ್ಲಿ ಇರುವುದು ಡ, ಹಲಂತ, ಡ, ಓಕಾರದ ಗುರುತು. ಅದನ್ನು ಜೋಡಿಸಿ ಒಂದೇ ಅಕ್ಷರವಾಗಿ ತೋರಿಸುವ ಕೆಲಸ ಸಾಫ್ಟ್‌ವೇರಿನದು. ಡಿವಿಡಿ ಕಟ್ಟುವ ಹಳೆಯ (ಆಥರಿಂಗ್) ಸಾಫ್ಟ್‌ವೇರ್‌ಗಳಿಗೆ ಆ ಜೋಡಣೆ ಬರುವುದಿಲ್ಲ. ಒಂದೊಂದೇ ತುಂಡು ಇಟ್ಟುಬಿಡುತ್ತವೆ. ಹಾಗಾಗಿ ಅದರ ಟೈಪ್ ಟೂಲನ್ನು ಮುಟ್ಟಲೇಬೇಡಿ.

ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆಯಿರಿ. ಅದೂ ಉಚಿತ. ಕನ್ನಡ ಸರಿಯಾಗಿ ಕೂರುತ್ತದೆ. ಅಲ್ಲಿಂದ ಪಿಎನ್‌ಜಿ ಚಿತ್ರ ಮಾಡಿ ಮೆನುವಿನ ಹಿನ್ನೆಲೆಯಾಗಿ ಹಾಕಿ. ಫೋಟೋಶಾಪ್ ಬೇಕೇಬೇಕು ಎಂದಾದರೆ ಹೊಸ ಆವೃತ್ತಿ ಬಳಸಿ, ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆ ಕಂಡರೆ ಅದನ್ನು ಆನ್ ಮಾಡಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲೂ ಕೆಲಸ ಆಗುತ್ತದೆ. ಆದರೆ ಮುಂದೆ ಯಾರಾದರೂ ಆ ಫೈಲ್ ತೆರೆದರೆ ಅದೇ ಫಾಂಟ್ ಇರಬೇಕು. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ.

ಫಾಂಟ್ ಯಾವುದು ಎಂಬುದು ಇಲ್ಲಿ ತುಂಬಾ ಮುಖ್ಯ. ನಮ್ಮಲ್ಲಿ ಡಿವಿಡಿಗೆ ಬಳಸುವ ಟಿವಿ ಪದ್ಧತಿ ಪಾಲ್. ಡಿವಿಡಿಯ ಚಿತ್ರ 720 ಅಗಲ, 576 ಎತ್ತರ. ಫೋನಿನ ಪರದೆಗಿಂತ ಎಷ್ಟೋ ಕಡಿಮೆ ಚುಕ್ಕೆ. ಸಣ್ಣ ಗೆರೆಯ ಫಾಂಟ್ ಹಾಕಿದರೆ ತಲೆಕಟ್ಟು ನಡುಗುತ್ತದೆ. ಒಂದೇ ಚುಕ್ಕೆ ದಪ್ಪದ ಅಡ್ಡಗೆರೆ, ಟಿವಿ ಸರದಿಯಂತೆ ತೋರಿಸುವ ಸಮ-ಬೆಸ ಸಾಲುಗಳ ನಡುವೆ ಮಿನುಗುವುದರಿಂದ ಹಾಗಾಗುತ್ತದೆ. ಕನ್ನಡದಲ್ಲಿ ಹೆಚ್ಚಿನ ಅಕ್ಷರಗಳಿಗೆ ತಲೆಕಟ್ಟು ಇರುವಾಗ ಇಡೀ ಸಾಲೇ ನಡುಗಿದಂತೆ ಕಾಣುತ್ತದೆ. ಯಾವ ಗೆರೆಯೂ 3 ಚುಕ್ಕೆಗಿಂತ ತೆಳು ಇರದಂತೆ ನೋಡಿ. ನೋಟೊ ಸ್ಯಾನ್ಸ್ ಕನ್ನಡದ ಬೋಲ್ಡ್ ಚೆನ್ನಾಗಿದೆ. ನನಗೆ ಇನ್ನೂ ಇಷ್ಟ ‘ಬಾಲೂ ತಮ್ಮ’ ಎಂಬ ಫಾಂಟ್. ಗುಂಡುಗುಂಡಗೆ, ದಪ್ಪಗೆ, ದೂರದಿಂದ ಓದಬಹುದು. ಅದನ್ನು ರೂಪಿಸಿದ್ದು ನಮ್ಮ ಮುಂಬೈಯದೇ ಆದ ಏಕ್ ಟೈಪ್ ತಂಡ. ಕನ್ನಡದ ಇಷ್ಟು ಒಳ್ಳೆಯ ಅಕ್ಷರ ಈ ಊರಿನಲ್ಲಿ ಹುಟ್ಟಿದೆ ಎಂದರೆ ನನಗೆ ತುಂಬಾ ಹೆಮ್ಮೆ.

ಇನ್ನೊಂದು ಮಾತು. ಯಕ್ಷಗಾನ ಎಂದ ಕೂಡಲೇ ಎಲ್ಲರೂ ಕಪ್ಪು ಹಿನ್ನೆಲೆಗೆ ಕಡುಕೆಂಪು ಅಕ್ಷರ ಹಾಕುತ್ತಾರೆ. ಡಿವಿಡಿಯಲ್ಲಿ ಹಾಗೆ ಮಾಡಬೇಡಿ. ಡಿವಿಡಿಯ ವಿಡಿಯೊ ಕುಗ್ಗಿಸುವ ಎಂಪೆಗ್-2 ವಿಧಾನದಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತಾರೆ. ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ. ಕಪ್ಪಿನ ಮೇಲೆ ಕೆಂಪು ಇದ್ದರೆ ಅಕ್ಷರ ಪೂರ್ತಿ ಬಣ್ಣದ ಮೇಲೆಯೇ ನಿಂತಿರುತ್ತದೆ. ಅದಕ್ಕೇ ಕದಡಿಹೋಗುತ್ತದೆ, ಒತ್ತು ಒದ್ದೆ ಕಾಗದದ ಮಸಿಯಂತೆ ಹರಡುತ್ತದೆ. ಹಿನ್ನೆಲೆಗೆ ಕಡು ಕಂದುಗೆಂಪು, ಅಕ್ಷರಕ್ಕೆ ಕೆನೆಬಣ್ಣ ಹಾಕಿ. ಅಪ್ಪಟ ಬಿಳಿಯೂ ಬೇಡ. ಬಣ್ಣದ ಬೆಲೆಯನ್ನು 255ರ ಬದಲು 235ಕ್ಕೆ ನಿಲ್ಲಿಸಿ.

ಪುಣೆ ಎಡಿಟರ್ (ಭಾನುವಾರ ಬೆಳಿಗ್ಗೆ)

ಅಕ್ಕಾ, ಇದನ್ನು ಹತ್ತು ವರ್ಷದ ಹಿಂದೆ ಯಾರಾದರೂ ನನಗೆ ಹೇಳಬೇಕಿತ್ತು. ಕೆಂಪು ಅಕ್ಷರದ ಎಷ್ಟು ಮದುವೆ ಮೆನು ಮಾಡಿಕೊಟ್ಟಿದ್ದೇನೆ!

ಅಳತೆಯ ಮಾತು ಸೇರಿಸುತ್ತೇನೆ. ನಿಮ್ಮ ವಿಡಿಯೊ ಅಗಲ ಪರದೆಯದಾದರೆ, ಅಂದರೆ 16:9, ಮೆನುವನ್ನು 1024 ಅಗಲ, 576 ಎತ್ತರದಲ್ಲಿ ಬರೆಯಿರಿ. ಕೊನೆಗೆ 720ಕ್ಕೆ ಒತ್ತಿ ಸೇರಿಸಿ. ನೇರ 720ರಲ್ಲಿ ಬರೆದರೆ ಟಿವಿಯಲ್ಲಿ ಅಕ್ಷರ ಅಡ್ಡಕ್ಕೆ ಹಿಗ್ಗುತ್ತದೆ. ಹಳೆಯ ಟಿವಿಗಳು ಚಿತ್ರದ ಅಂಚು ನುಂಗುತ್ತವೆ. ನಾಲ್ಕೂ ಕಡೆ ಹತ್ತನೇ ಒಂದು ಭಾಗ ಖಾಲಿ ಬಿಡಿ.

ಕಲ್ಯಾಣ್ ಲೋಕಲ್ (ಭಾನುವಾರ ಮಧ್ಯಾಹ್ನ)

ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ. ಪೆನ್ ಡ್ರೈವ್‌ನಲ್ಲಿ ಹಾಕಿ ಕೊಟ್ಟರೆ ಆಗುವುದಿಲ್ವಾ? ಇಷ್ಟೆಲ್ಲ ಕಷ್ಟ ಯಾಕೆ?

ಮುಲುಂಡ್ ಅಜ್ಜ (ಭಾನುವಾರ ಸಂಜೆ)

ನಾನು ಹೇಳುತ್ತೇನೆ ಮಗಾ. ನನಗೆ 78. ಮಗ ಪೆನ್ ಡ್ರೈವ್ ಹಾಕಿ ಕೊಟ್ಟಿದ್ದ. ಟಿವಿಯಲ್ಲಿ ಫೈಲುಗಳ ಪಟ್ಟಿ ಬರುತ್ತದೆ. ಕನ್ನಡದ ಹೆಸರಿದ್ದರೆ ಬರೀ ಚೌಕ ಚೌಕ. ಇಂಗ್ಲಿಷ್ ಹೆಸರಿದ್ದರೆ ಅರ್ಧಕ್ಕೇ ಕತ್ತರಿಸಿರುತ್ತದೆ. ಯಾವುದು ಎಲ್ಲಿದೆ ತಿಳಿಯುವುದಿಲ್ಲ. ಎರಡು ಸಲ ತಪ್ಪು ಒತ್ತಿದರೆ ಟಿವಿಯೇ ಬೇರೆ ಎಲ್ಲೋ ಹೋಗುತ್ತದೆ. ಮತ್ತೆ ಮಗ ಆಫೀಸಿನಿಂದ ಬರುವ ತನಕ ಕಾಯಬೇಕು.

ಡಿವಿಡಿ ಹಾಗಲ್ಲ. ತಟ್ಟೆ ಹೊರಗೆ ಬರುತ್ತದೆ, ಇಡುತ್ತೇನೆ, ಒಳಗೆ ಹೋಗುತ್ತದೆ, ಚಿತ್ರ ಬರುತ್ತದೆ. ನನ್ನ ಹೆಂಡತಿಗೂ ಗೊತ್ತು. ಮೆನು ಕನ್ನಡದಲ್ಲಿ ಬಂದರೆ ನಮಗೆ ಯಾರನ್ನೂ ಕರೆಯಬೇಕಾಗಿಲ್ಲ. ಡೊಂಬಿವಲಿಯವರೇ, ದಯವಿಟ್ಟು ಮಾಡಿ. ಮೊದಲ ಪ್ರತಿ ಬೇಕಾದರೆ ನಾನು ನೋಡಿ ಹೇಳುತ್ತೇನೆ.

ಕಲ್ಯಾಣ್ ಲೋಕಲ್ (ಭಾನುವಾರ ಸಂಜೆ)

ಅರ್ಥ ಆಯಿತು ಅಜ್ಜ. ಇಷ್ಟು ದಿನ ನನ್ನ ಅಮ್ಮನಿಗೂ ಇದೇ ಕಷ್ಟ ಆಗುತ್ತಿತ್ತೋ ಏನೋ. ನಾನು ಕೇಳಿರಲೇ ಇಲ್ಲ.

ಪುಣೆ ಎಡಿಟರ್ (ಭಾನುವಾರ ರಾತ್ರಿ)

ಈಗ ಮೂರನೇ ಪ್ರಶ್ನೆ, ರಿಮೋಟ್. ನನ್ನ ಪ್ರಕಾರ ಮೆನು ಕೆಲಸದಲ್ಲಿ ಅರ್ಧ ಇದೇ.

ಪ್ರತಿ ಬಟನ್‌ಗೂ ನಾಲ್ಕು ದಿಕ್ಕು ಇರುತ್ತವೆ. ಮೇಲೆ ಒತ್ತಿದರೆ ಯಾವ ಬಟನ್‌ಗೆ, ಕೆಳಗೆ ಒತ್ತಿದರೆ ಯಾವುದಕ್ಕೆ, ಎಡಕ್ಕೆ, ಬಲಕ್ಕೆ. ಡಿಸ್ಕ್ ಮೇಲೆ ಇದನ್ನು ಒಂದೊಂದಾಗಿ ಬರೆದಿರುತ್ತದೆ. ಪ್ಲೇಯರ್ ಕಣ್ಣಿಂದ ನೋಡಿ ಊಹಿಸುವುದಿಲ್ಲ. ಸಾಫ್ಟ್‌ವೇರ್ ತಾನಾಗಿಯೇ ತುಂಬಿದರೆ ಅದು ದೂರ ಅಳೆದು ಹತ್ತಿರ ಕಂಡದ್ದನ್ನು ಹಾಕುತ್ತದೆ. ಎರಡು ಕಂಬಸಾಲು ಇದ್ದು ಒಂದು ಬಟನ್ ಸ್ವಲ್ಪ ಮೇಲೆ ಕೆಳಗೆ ಆದರೆ ಕೆಳಗಿನ ಬಾಣ ಪಕ್ಕಕ್ಕೆ ಹೋಗುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು.

ಡಿವಿಡಿಸ್ಟೈಲರ್‌ನಲ್ಲಿ ಬಟನ್‌ನ ಪ್ರಾಪರ್ಟೀಸ್ ತೆರೆದರೆ ನಾಲ್ಕು ದಿಕ್ಕಿಗೂ ಆಟೊ ಎಂದಿರುತ್ತದೆ. ಅದನ್ನು ತೆಗೆದು ಕೈಯಿಂದ ತುಂಬಿ. ಎನ್‌ಕೋರ್‌ನಲ್ಲಿ ಮೆನುವಿನ ಪ್ರಾಪರ್ಟೀಸ್‌ನಲ್ಲಿ ತಾನಾಗಿಯೇ ದಾರಿ ಹಾಕುವ ಟಿಕ್ ಇದೆ, ಅದನ್ನು ತೆಗೆಯಿರಿ. ಕೊನೆಯ ಬಟನ್‌ನಿಂದ ಕೆಳಗೆ ಒತ್ತಿದರೆ ಮೊದಲನೆಯದಕ್ಕೆ ಬರಲಿ. ಎಡ-ಬಲ ಒತ್ತಿದರೆ ಇದ್ದಲ್ಲೇ ಇರಲಿ. ಸಾಧ್ಯವಾದರೆ ಎರಡು ಕಂಬಸಾಲು ಬೇಡವೇ ಬೇಡ.

ಎಷ್ಟು ಬಟನ್ ಹಾಕಬಹುದು ಎಂಬುದಕ್ಕೂ ಮಿತಿ ಇದೆ. 4:3 ಮೆನುವಿಗೆ 36. 16:9 ಮೆನು ಹಳೆಯ ಟಿವಿಗೂ ಹೊಂದಬೇಕಾದರೆ 18, ಯಾಕೆಂದರೆ ಎರಡೂ ಆಕಾರಕ್ಕೆ ಬೇರೆ ಬೇರೆ ಜಾಗ ಬರೆದಿಡಬೇಕು. ನಿಮಗೆ ಅಷ್ಟು ಯಾಕೆ? ಒಂದು ಪುಟದಲ್ಲಿ ಆರೇಳಕ್ಕಿಂತ ಜಾಸ್ತಿ ಹಾಕಬೇಡಿ.

ಇನ್ನು ‘ಮೆನು’ ಒತ್ತಿದರೆ ಏನೂ ಆಗದಿರುವುದು. ರಿಮೋಟ್‌ನಲ್ಲಿ ‘ಮೆನು’ ಬೇರೆ, ‘ಟೈಟಲ್’ ಬೇರೆ. ‘ಟೈಟಲ್’ ಡಿಸ್ಕ್‌ನ ಮುಖ್ಯ ಮೆನುವಿಗೆ ಹೋಗುತ್ತದೆ. ‘ಮೆನು’ ಈಗ ಓಡುತ್ತಿರುವ ವಿಡಿಯೊದ ಟೈಟಲ್‌ಸೆಟ್‌ನ (ಡಿಸ್ಕ್ ಒಳಗೆ ವಿಡಿಯೊ ಸೇರಿಸಿಟ್ಟ ಗುಂಪು) ರೂಟ್ ಮೆನುವನ್ನು, ಅಂದರೆ ಆ ಗುಂಪಿನ ಸ್ವಂತ ಮೆನುವನ್ನು, ಹುಡುಕುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಪರದೆ ಮೇಲೆ ಒಂದು ಅಡ್ಡಗೈ ಗುರುತು ಬಂದು ಸುಮ್ಮನಾಗುತ್ತದೆ. ನೀವು ಮೆನುವನ್ನು ಡಿಸ್ಕ್ ಮಟ್ಟದಲ್ಲಿ ಮಾತ್ರ ಇಟ್ಟಿದ್ದೀರಿ. ಟೈಟಲ್‌ಸೆಟ್‌ನಲ್ಲಿ ಖಾಲಿ ರೂಟ್ ಮೆನು ಒಂದನ್ನು ಇಟ್ಟು, ಶುರುವಾದ ಕೂಡಲೇ ಮುಖ್ಯ ಮೆನುವಿಗೆ ಹಾರು ಎಂದು ಆಜ್ಞೆ ಬರೆಯಿರಿ. ಎನ್‌ಕೋರ್‌ನಲ್ಲಾದರೆ ಟೈಮ್‌ಲೈನ್‌ಗೆ ಮೆನು ರಿಮೋಟ್ ಎಂಬ ಜಾಗ ಇದೆ, ಅಲ್ಲಿ ತೋರಿಸಿದರೆ ಸಾಕು.

ಕಂಪ್ಯೂಟರ್‌ನಲ್ಲಿ ನೋಡುವಾಗಲೂ ಮೌಸ್ ದೂರ ಇಡಿ. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಬರೀ ಬಾಣದ ಕೀಲಿಯಿಂದ ಓಡಾಡಿ. ಆಮೇಲೆ ನಿಜವಾದ ಪ್ಲೇಯರ್‌ನಲ್ಲಿ, ಅದೂ ಎರಡು ಬೇರೆ ಪ್ಲೇಯರ್‌ನಲ್ಲಿ.

ಡೊಂಬಿವಲಿ ಚೆಂಡೆ (ಸೋಮವಾರ ರಾತ್ರಿ)

ಏನು ಹೇಳಲಿ ಮಾರಾಯ್ರೆ, ಎರಡು ದಿನದಲ್ಲಿ ಒಂದು ಕೋರ್ಸ್ ಮುಗಿಸಿದ ಹಾಗಾಯಿತು. ಇಂಕ್‌ಸ್ಕೇಪ್‌ನಲ್ಲಿ ಬರೆದೆ. ‘ಬಾಲೂ ತಮ್ಮ’ ಫಾಂಟಿನಲ್ಲಿ ‘ಒಡ್ಡೋಲಗ’ ಎಷ್ಟು ಚಂದ ಕೂತಿದೆ ಗೊತ್ತಾ! ಸಾಲಿನ ಎಡಕ್ಕೆ ಹಳದಿ ಚೌಕ ಇಟ್ಟಿದ್ದೇನೆ. ದಿಕ್ಕು ಎಲ್ಲ ಕೈಯಿಂದ ತುಂಬಿದೆ. ‘ಮೆನು’ ಕೂಡ ಕೆಲಸ ಮಾಡುತ್ತಿದೆ.

ಒಂದು ಸಂಶಯ. ನಾಲ್ಕು ಗಂಟೆ ಒಂದೇ ಡಿಸ್ಕ್‌ನಲ್ಲಿ ಹಾಕಲೇ? 60 ಡಿಸ್ಕ್ ಎಲ್ಲಿ, 120 ಎಲ್ಲಿ. ಖರ್ಚು ನಾವೇ ನಾಲ್ಕು ಜನ ಹಾಕುತ್ತಿದ್ದೇವೆ.

ಪುಣೆ ಎಡಿಟರ್ (ಸೋಮವಾರ ರಾತ್ರಿ)

ಲೆಕ್ಕ ಮಾಡೋಣ. 4.7 ಜಿಬಿ ಡಿಸ್ಕ್ ಎಂದರೆ 470 ಕೋಟಿ ಬೈಟ್. ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ, ಗಾಬರಿ ಬೇಡ. ನಾಲ್ಕು ಗಂಟೆಗೆ ಹಂಚಿದರೆ ಸೆಕೆಂಡಿಗೆ 2.6 ಮೆಗಾಬಿಟ್ ಸಿಗುತ್ತದೆ, ಅದೂ ಆಡಿಯೊ ಸೇರಿ. ಕುಳಿತು ಮಾತಾಡುವ ಕಾರ್ಯಕ್ರಮಕ್ಕಾದರೆ ಹೇಗೋ ನಡೆಯುತ್ತದೆ. ಪುಂಡುವೇಷ (ವೀರ ಯುವಕನ ಪಾತ್ರ) ಧೀಂಗಿಣ ಹಾಕುವಾಗ, ಅಂದರೆ ಗಿರಗಿರನೆ ಸುತ್ತಿ ಹಾರುವಾಗ, ಇಡೀ ಚಿತ್ರ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತದೆ. ಕಿರೀಟದ ಕೆಲಸ, ಮುಖದ ಮೇಲಿನ ಚುಟ್ಟಿಯ ಅಲಂಕಾರ ಎಲ್ಲ ಮಾಯ. ಆಟ ನೋಡುವುದೇ ಅದಕ್ಕಲ್ವಾ?

ಎರಡು ಡಿಸ್ಕ್ ಮಾಡಿದರೆ 5.2 ಸಿಗುತ್ತದೆ. ಆಡಿಯೊ ಎಸಿ3 ಎಂಬ ಕುಗ್ಗಿಸಿದ ರೂಪದಲ್ಲಿ 256 ಕಿಲೋಬಿಟ್ ಇಡಿ, ಎರಡು ಗಂಟೆಗೆ 230 ಎಂಬಿ ಅಷ್ಟೇ. ಸಂಕುಚಿಸದ ಪಿಸಿಎಂ ಇಟ್ಟರೆ ಅದೇ ಎರಡು ಗಂಟೆಗೆ 1.38 ಜಿಬಿ ನುಂಗುತ್ತದೆ. ಮೆನು, ಅಂಚಿನ ಜಾಗ ಎಲ್ಲ ಬಿಟ್ಟು ವಿಡಿಯೊಗೆ 4.7 ಮೆಗಾಬಿಟ್ ಇಟ್ಟುಕೊಳ್ಳಿ. ಎರಡು ಪದರದ 8.5 ಜಿಬಿ ಡಿಸ್ಕ್ ಕೂಡ ಇದೆ. ಆದರೆ ಹಳೆಯ ಪ್ಲೇಯರ್‌ಗಳಲ್ಲಿ ಅದು ತಡವರಿಸುವುದನ್ನು ನಾನೇ ಕಂಡಿದ್ದೇನೆ. ಪದರ ಬದಲಾಗುವಲ್ಲಿ ಒಂದು ಕ್ಷಣ ನಿಲ್ಲುವುದೂ ಉಂಟು. ಹಿರಿಯರ ಮನೆಗೆ ಎರಡು ಸಾದಾ ಡಿವಿಡಿ-ಆರ್ ವಾಸಿ. ನಾನು ಇಲ್ಲಿ ತಾಪ್ಕೀರ್ ಗಲ್ಲಿಯಲ್ಲಿ ತರುತ್ತೇನೆ, ನಿಮಗೆ ಲ್ಯಾಮಿಂಗ್ಟನ್ ರೋಡ್ ಹತ್ತಿರ. 50ರ ಕಟ್ಟು ತಗೊಳ್ಳಿ. ನಿಧಾನ ವೇಗದಲ್ಲಿ ಬರ್ನ್ ಮಾಡಿ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ತಿರುಗುವಾಗ ತೂಕ ಏರುಪೇರಾಗಿ ಡಿಸ್ಕ್ ಅದುರುತ್ತದೆ.

ಚಾಪ್ಟರ್ ಗುರುತಿನ ಬಗ್ಗೆಯೂ ಎಚ್ಚರ. ಪಾಲ್ ಡಿವಿಡಿಯಲ್ಲಿ ಪೂರ್ಣ ಚೌಕಟ್ಟು (ಬೇರೆ ಚೌಕಟ್ಟಿನ ನೆರವಿಲ್ಲದೆ ಪೂರ್ತಿ ಇಟ್ಟ ಚಿತ್ರ) ಸಾಮಾನ್ಯವಾಗಿ 12ರಿಂದ 15 ಚೌಕಟ್ಟಿಗೊಂದು ಬರುತ್ತದೆ. ಚಾಪ್ಟರ್ ಅಲ್ಲಿಂದ ಮಾತ್ರ ಶುರುವಾಗಬಹುದು. ಸೆಕೆಂಡಿಗೆ 25 ಚೌಕಟ್ಟು ಇರುವುದರಿಂದ ಗುರುತು ಅರ್ಧ ಸೆಕೆಂಡಿನಷ್ಟು ಆಚೀಚೆ ಆಗಬಹುದು. ಹಿಂದಿನ ಪದ್ಯದ ಕೊನೆಯ ಪೆಟ್ಟು ಮುಂದಿನ ಚಾಪ್ಟರಿನ ತಲೆಗೆ ಬಂದು ಕೂರುತ್ತದೆ. ಎನ್‌ಕೋಡ್ ಮಾಡುವ ಮೊದಲೇ ಎಡಿಟಿಂಗ್‌ನಲ್ಲಿ ಗುರುತು ಹಾಕಿದರೆ ಆ ಜಾಗದಲ್ಲಿ ಪೂರ್ಣ ಚೌಕಟ್ಟು ಬರುವ ಹಾಗೆ ಮಾಡಬಹುದು.

ಐರೋಲಿ ಹೆಜ್ಜೆ (ಮಂಗಳವಾರ ಬೆಳಿಗ್ಗೆ)

ನಾನು ಯಕ್ಷಗಾನ ಕಲಿಯುತ್ತಿದ್ದೇನೆ, ಮೂರು ವರ್ಷ ಆಯಿತು. ನನ್ನದೊಂದು ಬೇಡಿಕೆ. ಮೆನುವಿನಲ್ಲಿ ಒಂದು ಪದ್ಯ ಆರಿಸಿದರೆ ಅದು ಮುಗಿದ ಕೂಡಲೇ ಮೆನುವಿಗೆ ಮರಳಲಿ. ಅದನ್ನೇ ಮತ್ತೆ ಹಾಕಿ ಹೆಜ್ಜೆ ನೋಡಿಕೊಳ್ಳಬಹುದು. ಮುಂದಕ್ಕೆ ಓಡುತ್ತಾ ಹೋದರೆ ಪ್ರತಿ ಸಲ ಹಿಂದೆ ಬರಬೇಕು.

ಮುಲುಂಡ್ ಅಜ್ಜ (ಮಂಗಳವಾರ ಬೆಳಿಗ್ಗೆ)

ಬೇಡ ಮಗಳೇ. ನಮಗೆ ಆಟ ನಿಲ್ಲಬಾರದು. ರಾಕ್ಷಸ ಪಾತ್ರದ ಬಣ್ಣದ ವೇಷ ನೋಡುತ್ತಾ ಕೂತವನಿಗೆ ಮಧ್ಯದಲ್ಲಿ ಮೆನು ಬಂದರೆ ರಸವೇ ಹೋಗುತ್ತದೆ.

ಪುಣೆ ಎಡಿಟರ್ (ಮಂಗಳವಾರ ಮಧ್ಯಾಹ್ನ)

ಇಬ್ಬರ ಮಾತೂ ಸರಿ. ಡಿವಿಡಿ ಪ್ಲೇಯರ್ ಒಳಗೆ 16 ಸಣ್ಣ ನೆನಪಿನ ಖಾನೆಗಳಿವೆ. ‘ಪೂರ್ತಿ ಆಟ’ ಒತ್ತಿದರೆ ಒಂದು ಖಾನೆಗೆ 0, ಒಂದೇ ಪದ್ಯ ಒತ್ತಿದರೆ 1 ಎಂದು ಬರೆಸಬಹುದು. ಪ್ರತಿ ಚಾಪ್ಟರಿನ ಕೊನೆಗೆ ಆ ಖಾನೆ ನೋಡಿ, 1 ಇದ್ದರೆ ಮೆನುವಿಗೆ ಬಾ ಎಂದು ಆಜ್ಞೆ. ಚಂದದ ಉಪಾಯ. ಆದರೆ ಚಾಪ್ಟರಿನ ಕೊನೆಗೆ ಆಜ್ಞೆ ಇಟ್ಟರೆ ಕೆಲವು ಪ್ಲೇಯರ್ ಅದನ್ನು ಓದಲು ಒಂದು ಕ್ಷಣ ನಿಲ್ಲುತ್ತವೆ. ಪೂರ್ತಿ ಆಟ ನೋಡುವಾಗಲೂ ನಿಲ್ಲುತ್ತವೆ. ಚೆಂಡೆ ಬಾರಿಸುತ್ತಿರುವಾಗ ತಾಳ ಅರ್ಧ ಸೆಕೆಂಡ್ ತಪ್ಪಿದರೆ ಹೇಗಿರುತ್ತದೆ ಯೋಚಿಸಿ.

ಹಿರಿಯರ ಡಿಸ್ಕ್‌ನಲ್ಲಿ ಈ ಆಜ್ಞೆ ಬೇಡ. ಕಲಿಯುವವರಿಗೆ ಬೇರೆ ಒಂದು ಡಿಸ್ಕ್ ಮಾಡಿ. ಅದರಲ್ಲಿ ಪ್ರತಿ ಪದ್ಯವೂ ಬೇರೆ ಟೈಟಲ್. ಒಂದು ಡಿಸ್ಕ್‌ಗೆ 99 ಟೈಟಲ್ ತನಕ ಆಗುತ್ತದೆ. ಮುಗಿದ ಕೂಡಲೇ ಮೆನು. ತಂಗೀ, ಅಲ್ಲಿಯವರೆಗೆ ನಿಮ್ಮ ರಿಮೋಟ್‌ನಲ್ಲಿ ಎ-ಬಿ ಎಂಬ ಕೀ ಇದೆಯಾ ನೋಡಿ. ಶುರುವಿಗೊಮ್ಮೆ, ಕೊನೆಗೊಮ್ಮೆ ಒತ್ತಿದರೆ ಆ ತುಂಡು ಮಾತ್ರ ಮತ್ತೆ ಮತ್ತೆ ಓಡುತ್ತದೆ.

ಐರೋಲಿ ಹೆಜ್ಜೆ (ಮಂಗಳವಾರ ರಾತ್ರಿ)

ಎ-ಬಿ ಇದೆ! ಇಷ್ಟು ವರ್ಷ ಆ ಕೀ ಯಾಕೆ ಅಂತಲೇ ಗೊತ್ತಿರಲಿಲ್ಲ. ಈಗಷ್ಟೇ ಹಳೆಯ ಡಿಸ್ಕ್ ಹಾಕಿ ಹತ್ತು ಸಲ ನೋಡಿದೆ.

ಡೊಂಬಿವಲಿ ಚೆಂಡೆ (ಗುರುವಾರ ರಾತ್ರಿ)

ಮೊದಲ ಪ್ರತಿ ಆಯಿತು. ಆಫೀಸಿನಿಂದ ಬರುವಾಗ ಮುಲುಂಡ್‌ನಲ್ಲಿ ಇಳಿದು ಅಜ್ಜನಿಗೆ ಕೊಟ್ಟು ಬಂದೆ. ಮೆನುವಿಗೆ 30 ಸೆಕೆಂಡಿನ ಚಲಿಸುವ ಹಿನ್ನೆಲೆ ಹಾಕಿದ್ದೇನೆ, ಚೆಂಡೆಯ ಪೆಟ್ಟಿನ ಜೊತೆ. ನನಗೆ ತುಂಬಾ ಇಷ್ಟವಾಯಿತು.

ಮುಲುಂಡ್ ಅಜ್ಜ (ಶುಕ್ರವಾರ ಮಧ್ಯಾಹ್ನ)

ನೋಡಿದೆ. ಅಕ್ಷರ ಸ್ವಚ್ಛವಾಗಿ ಕಾಣುತ್ತದೆ, ಕನ್ನಡಕ ಇಲ್ಲದೆಯೂ ಓದಿದೆ. ಚೆನ್ನಾಗಿ ಮಾಡಿದ್ದೀರಿ. ಕೆಲವು ಮಾತು ಹೇಳುತ್ತೇನೆ, ಬೇಸರ ಬೇಡ.

ಡಿಸ್ಕ್ ಹಾಕಿದ ಕೂಡಲೇ ಚೆಂಡೆ ಜೋರಾಗಿ ಬಾರಿಸಿತು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಸದ್ದು ಇಳಿಸಿ.

ಹಿಂದೆ ಚಿತ್ರ ಓಡುತ್ತಿರುತ್ತದಲ್ಲ, ಅದು ಮುಗಿದು ಮತ್ತೆ ಶುರುವಾಗುವಾಗ ಹಳದಿ ಚೌಕ ಮೊದಲ ಸಾಲಿಗೆ ಹೋಗುತ್ತದೆ. ನಾನು ನಿಧಾನಕ್ಕೆ ನಾಲ್ಕನೆಯದಕ್ಕೆ ಇಳಿದಿರುತ್ತೇನೆ, ಒತ್ತುವಷ್ಟರಲ್ಲಿ ಮೇಲೆ.

‘ದೃಶ್ಯ ಆಯ್ಕೆ’ ಎಂದು ಬರೆದಿದ್ದೀರಿ. ಒಳಗೆ ದೃಶ್ಯ 1, ದೃಶ್ಯ 2. ನಾವು ಆಟವನ್ನು ಹಾಗೆ ನೆನಪಿಟ್ಟುಕೊಳ್ಳುವುದಿಲ್ಲ. ಒಡ್ಡೋಲಗ, ಸ್ತ್ರೀವೇಷ ಬಂದದ್ದು, ಹಾಸ್ಯಗಾರ ಬಂದದ್ದು, ಬಣ್ಣದ ವೇಷ, ಯುದ್ಧ, ಮಂಗಳ. ಹೀಗೆ ಬರೆಯಿರಿ. ‘ದೃಶ್ಯ ಆಯ್ಕೆ’ ಬದಲು ‘ಬೇಕಾದ ವೇಷ’ ಎಂದರೆ ಸಾಕು.

ಮತ್ತೆ ಸಾಲಿನ ಮುಂದೆ ೧, ೨, ೩ ಎಂದು ಹಾಕಿದ್ದೀರಿ. ನೋಡಲು ಚಂದ. ನನ್ನ ರಿಮೋಟ್‌ನಲ್ಲಿ ಇರುವುದು 1, 2, 3.

ಮಾಟುಂಗಾ ಅಕ್ಷರ (ಶುಕ್ರವಾರ ಸಂಜೆ)

ಕನ್ನಡ ಅಂಕಿ ಹಾಕಿ ಎಂದು ಫೋನಿನಲ್ಲಿ ಹೇಳಿದವಳು ನಾನೇ. ಪುಸ್ತಕದಲ್ಲಾದರೆ ಇವತ್ತೂ ಹಾಗೇ ಹೇಳುತ್ತೇನೆ. ಇಲ್ಲಿ ಅಜ್ಜ ಹೇಳಿದ್ದು ಸರಿ, ಕೈಯಲ್ಲಿರುವ ರಿಮೋಟ್‌ಗೆ ಹೊಂದಬೇಕು. ‘ಬೇಕಾದ ವೇಷ’ ಎಷ್ಟು ಒಳ್ಳೆಯ ಮಾತು!

ಪುಣೆ ಎಡಿಟರ್ (ಶುಕ್ರವಾರ ರಾತ್ರಿ)

ಅಂಕಿ ತುಂಬಾ ಉಪಯೋಗ. ಡಿವಿಡಿಯಲ್ಲಿ ಬಟನ್‌ಗಳಿಗೆ ಕ್ರಮಸಂಖ್ಯೆ ಇರುತ್ತದೆ. ರಿಮೋಟ್‌ನ ಅಂಕಿ ಒತ್ತಿದರೆ ನೇರ ಆ ಬಟನ್‌ಗೆ ಹೋಗಬಹುದು. ಕೆಲವು ಪ್ಲೇಯರ್‌ನಲ್ಲಿ ಆಮೇಲೆ ಎಂಟರ್ ಒತ್ತಬೇಕು. ಬಟನ್ ಮಾಡಿದ ಕ್ರಮ, ಪರದೆಯ ಅಂಕಿ ಎರಡೂ ಒಂದೇ ಇರಲಿ.

ಚೌಕ ಮೇಲಕ್ಕೆ ಹೋಗುವುದು ಮೊದಲ ಬಟನ್ ಕಡ್ಡಾಯ ಎಂದು ಇಟ್ಟಿದ್ದರಿಂದ. ಅದನ್ನು ತೆಗೆಯಬಹುದು. ಆದರೆ ನನ್ನ ಮಾತು ಕೇಳಿದರೆ ಚಲಿಸುವ ಹಿನ್ನೆಲೆಯೇ ಬೇಡ. ನಿಂತ ಚಿತ್ರ ಇಡಿ. ಅಕ್ಷರದ ಮೇಲೆ ಕಣ್ಣು ನಿಲ್ಲುತ್ತದೆ, ಸುತ್ತು ಮುಗಿಯುವಲ್ಲಿ ಕಡಿದು ಬೀಳುವುದೂ ಇರುವುದಿಲ್ಲ.

ಡೊಂಬಿವಲಿ ಚೆಂಡೆ (ಭಾನುವಾರ ಮಧ್ಯಾಹ್ನ)

ಎಲ್ಲ ಬದಲಿಸಿದೆ. ನಿಂತ ಚಿತ್ರ, ಭಾಗವತರ ಕೈಯ ಜಾಗಟೆ ಮಾತ್ರ. ಸದ್ದಿಲ್ಲ. 10 ಪ್ರತಿ ಬರ್ನ್ ಮಾಡಿ ಮುಗಿಸಿದ ಮೇಲೆ ಹೆಂಡತಿ ನೋಡಿ ಹೇಳಿದಳು, ‘ಹಾಸ್ಯಗಾರ’ದಲ್ಲಿ ಯಕಾರದ ಒತ್ತೇ ಇಲ್ಲ, ‘ಹಾಸಗಾರ’ ಆಗಿದೆ ಎಂದು. ತುಂಬಾ ಬೇಸರವಾಯಿತು. ಎರಡು ಗಂಟೆಯ ವಿಡಿಯೊ ಮತ್ತೆ ಎನ್‌ಕೋಡ್ ಮಾಡಬೇಕಾ? ನನ್ನ ಕಂಪ್ಯೂಟರಿಗೆ ಒಂದು ರಾತ್ರಿ ಹಿಡಿಯುತ್ತದೆ.

ಪುಣೆ ಎಡಿಟರ್ (ಭಾನುವಾರ ಮಧ್ಯಾಹ್ನ)

ಬೇಡ ಬೇಡ. ಪ್ರಾಜೆಕ್ಟ್ ಫೈಲ್ ಇದೆ ಅಲ್ವಾ? ಮೆನುವಿನ ಚಿತ್ರ ಬದಲಿಸಿ. ವಿಡಿಯೊ ಈಗಾಗಲೇ ಡಿವಿಡಿಗೆ ಸರಿಯಾದ ಎಂಪೆಗ್-2 ಆಗಿದೆ. ಡಿವಿಡಿಸ್ಟೈಲರ್‌ನಲ್ಲಿ ಆ ಟೈಟಲ್‌ನ ಪ್ರಾಪರ್ಟೀಸ್‌ಗೆ ಹೋಗಿ ವಿಡಿಯೊ, ಆಡಿಯೊ ಎರಡಕ್ಕೂ ‘ಕಾಪಿ’ ಆರಿಸಿ. ಅದು ಇದ್ದ ಹಾಗೇ ಎತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹೊಸ ಐಎಸ್ಒ, ಅಂದರೆ ಇಡೀ ಡಿಸ್ಕಿನ ಒಂದೇ ಫೈಲ್, ಸಿಗುತ್ತದೆ.

ಪ್ರಾಜೆಕ್ಟ್ ಇಲ್ಲದೆ ಬರೀ ಡಿಸ್ಕ್ ಇದ್ದು, ಬಟನ್ ತಪ್ಪು ಜಾಗಕ್ಕೆ ಹೋಗುತ್ತಿದ್ದರೆ ಪಿಜಿಸಿಎಡಿಟ್ ಎಂಬ ತಂತ್ರಾಂಶದಲ್ಲಿ ಆಜ್ಞೆ ತಿದ್ದಬಹುದು. ಡಿಸ್ಕ್‌ನಲ್ಲಿ ಆಜ್ಞೆಗಳನ್ನು ಇಟ್ಟಿರುವ ಐಎಫ್ಒ ಫೈಲುಗಳಿಗೆ ಬಿಯುಪಿ ಎಂಬ ನಕಲು ಇರುತ್ತದೆ, ಒಂದನ್ನು ಕೈಯಿಂದ ತಿದ್ದಿದರೆ ಇನ್ನೊಂದನ್ನೂ ತಿದ್ದಬೇಕು. ನಿಮಗೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ.

ವಾಸ್ಕೊ ಮೇಷ್ಟ್ರು (ಭಾನುವಾರ ರಾತ್ರಿ)

ಗೋವಾದಿಂದ ಬರೆಯುತ್ತಿದ್ದೇನೆ. ಇಡೀ ಚರ್ಚೆ ಎರಡು ಸಲ ಓದಿದೆ. ನಾನು ಕನ್ನಡ ಕಲಿಸುವ ಮಕ್ಕಳ ತಂದೆ ತಾಯಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕೆಲಸಕ್ಕೆ ಬಂದವರು. ಶಾಲೆಯಲ್ಲಿ ಒಂದು ಹಳೆಯ ಪ್ಲೇಯರ್ ಇದೆ, ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲ. ಮಕ್ಕಳೇ ಹೇಳಿದ ಒಗಟು, ಪದ್ಯಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೇನೆ. ನಿಮ್ಮ ಮೆನುವಿನ ಖಾಲಿ ಫೈಲ್ ಸಿಗಬಹುದೇ? ಅಕ್ಷರ ಮಾತ್ರ ಬದಲಿಸಿಕೊಳ್ಳುತ್ತೇನೆ.

ಡೊಂಬಿವಲಿ ಚೆಂಡೆ (ಮುಂದಿನ ಶನಿವಾರ)

ಮೇಷ್ಟ್ರೇ, ಖಂಡಿತ. ಇಂಕ್‌ಸ್ಕೇಪ್ ಫೈಲ್, ಡಿವಿಡಿಸ್ಟೈಲರ್ ಪ್ರಾಜೆಕ್ಟ್ ಎರಡೂ ಕಳಿಸಿದ್ದೇನೆ. ಆರು ಬಟನ್ ಇವೆ, ದಿಕ್ಕು ತುಂಬಿದೆ. ಮಕ್ಕಳ ಒಗಟಿಗೆ ಉತ್ತರ ಬೇರೆ ಬಟನ್‌ನಲ್ಲಿ ಇಟ್ಟರೆ ಅವರಿಗೆ ಖುಷಿಯಾಗಬಹುದು.

ಇಲ್ಲಿ 120 ಡಿಸ್ಕ್ ಮುಗಿಯಿತು. ಎರಡನೇ ಡಿಸ್ಕ್‌ನ ಮೆನುವಿಗೆ ಹಸಿರು ಹಿನ್ನೆಲೆ ಕೊಟ್ಟಿದ್ದೇನೆ, ಯಾವುದು ಹಾಕಿದೆ ಎಂದು ಕೂಡಲೇ ತಿಳಿಯಲಿ ಎಂದು. ಮೊದಲನೆಯದರ ಕೊನೆಗೆ ‘ಈಗ ಹಸಿರು ಡಿಸ್ಕ್ ಹಾಕಿ’ ಎಂಬ ಸಾಲು ಬರುತ್ತದೆ. ಡಿಸ್ಕ್ ಮೇಲೆಯೂ ಅದೇ ಬಣ್ಣದ ಪೆನ್ನಿನ ಗುರುತು ಇದೆ.

ನಿನ್ನೆ ಅಪ್ಪ ಮೂರು ಜನ ಸ್ನೇಹಿತರನ್ನು ಕರೆದಿದ್ದರು. ನಾನು ಒಳಗಿನ ಕೋಣೆಯಲ್ಲಿದ್ದೆ, ಬೇಕೆಂದೇ ಹೊರಗೆ ಬರಲಿಲ್ಲ. ಮೆನು ಬಂತು. ಯಾರೋ ಗಟ್ಟಿಯಾಗಿ ಓದಿದರು, ‘ಬೇಕಾದ ವೇಷ’ ಎಂದು. ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಆಮೇಲೆ ಅಪ್ಪ 4 ಒತ್ತಿದ್ದು ಕೇಳಿಸಿತು, ಬಣ್ಣದ ವೇಷದ ಅಬ್ಬರ ಶುರುವಾಯಿತು. ರಾತ್ರಿ ಹನ್ನೊಂದೂವರೆ ತನಕ ಯಾರೂ ನನ್ನನ್ನು ಕರೆಯಲಿಲ್ಲ.